ಜಪಾನಿನ ಎಣ್ಣಿ, ನಿಲಂಗಾದ ವರ

ಬೀರಪ್ಪನ ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಂಥ ಪ್ರಸಂಗಗಳು ಕಂಡಕಂಡವರಿಗೆ ಆಗುವುದಿಲ್ಲ. ಉಮರ್ಗಾದಲ್ಲಿ ನನ್ನಂಥ ದೊಡ್ಡ ಮನುಷ್ಯ ಇನ್ನೊಬ್ಬನಿಲ್ಲವಾದ್ದರಿಂದ ಎಲ್ಲವೂ ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ನನ್ನ ಅಕ್ಕನ ಮಗಳು ಇಲ್ಲೇ ಬಸ್‌ಸ್ಟ್ಯಾಂಡಿನ ಹಿಂದೆ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಅರ್ಧ ತಾಲೂಕಿನ ಮದುವಣಗಿತ್ತಿಯರನ್ನು ಚಂದ ಮಾಡಿ ಕಳಿಸಿದವಳು. ಆದರೆ ಅವಳನ್ನೇ ನೋಡಲು ಬಂದ ಗಂಡಿನ ಕಡೆಯ ಪಾವಣೇರು ಮಾತ್ರ ಅವಲಕ್ಕಿಯ ಪೋಹೆ ತಿಂದು, ಚಹಾ ಕುಡಿದು, ಎದ್ದು ಹೋಗುವಾಗ ಒಂದೇ ಮಾತು ಹೇಳುತ್ತಿದ್ದರು: ಪಾರ್ಲರ್‌ದಾಕಿ, ಬಣ್ಣದ ಕೆಳಗಿನ ಖರೇ ಮಾರಿ ಯಾವುದೋ ಏನೋ. ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ಅಳುತ್ತಿದ್ದಳು. ನಿಲಂಗಾದಿಂದ ಹೊಸ ಪಾವಣೇರು ಬರುತ್ತಾರೆಂಬ ಸುದ್ದಿ ಬಂದಾಗ ಹುಡುಗಿ, ಈ ಸಲ ಅವರ ಮುಂದೆಯೇ ಮಾರಿ ತೊಳೆಯುತ್ತೇನೆ ಅಂದಳು. ಅದಕ್ಕಾಗಿ ಮೊಬೈಲಿನಲ್ಲಿ ಒಂದು ಎಣ್ಣೆ ಹುಡುಕಿಟ್ಟಿದ್ದಳು. ಜಪಾನಿನದು, ಮೇಕಪ್ಪನ್ನು ಬೆಣ್ಣೆಯ ಹಾಗೆ ಕರಗಿಸುತ್ತದಂತೆ, ಮೇಲಾಗಿ ಸೋವಿ. ಕೊರಿಯರ್ ಯಾಕೆ, ಉದಗೀರದ ಪೇಟೆ ನನ್ನ ಅಂಗೈಯಲ್ಲಿದೆ, ನಾನೇ ತರುತ್ತೇನೆ ಅಂದೆ.

೧. ಕಾಗದದಲ್ಲಿ ಸುತ್ತಿದ ಡಬ್ಬಿ

ಉದಗೀರದ ಮೆಡಿಕಲ್ ಒಂದರ ಮುಂದೆ ನಿಂತು, ನನ್ನ ಗಂಟಲು ನಿಮಗೆ ಗೊತ್ತಲ್ಲ, ಜಪಾನಿನ ಎಣ್ಣಿ ಕೊಡ್ರಿ ಅಂದೆ. ಕೆಮ್ಮಿನ ಔಷಧ ತೆಗೆದುಕೊಳ್ಳುತ್ತಿದ್ದ ಇಬ್ಬರು ಹೆಂಗಸರು ಔಷಧ ಅಲ್ಲೇ ಬಿಟ್ಟು ಹೋದರು. ಅಂಗಡಿಯವನು ನನ್ನ ಬಿಳಿ ತಲೆ ನೋಡಿದ, ಮುಂದೆ ಬಾಗಿದ.

“ಕಾಕಾ, ಸಾವಕಾಶ ಅನ್ರಿ. ಯಾರಿಗಿ ಬೇಕು?”

“ಅಕ್ಕನ ಮಗಳಿಗಿ. ಮಾರಿಗಿ ಹಚ್ಚಗೋತಾಳ.”

ಅವನು ಅತ್ತಿತ್ತ ನೋಡಿದ. ಆಮೇಲೆ ಏನೋ ಒಂದನ್ನು ಪೇಪರಿನಲ್ಲಿ ಸುತ್ತಿ, ಕೌಂಟರಿನ ಕೆಳಗಿಂದಲೇ ಕೊಟ್ಟು, ಬಿ.ಪಿ. ಇದ್ದರೆ ಹುಷಾರು ಅಂದ. ಎಣ್ಣೆಗೂ ಬಿ.ಪಿ.ಗೂ ಏನು ಸಂಬಂಧ ಎಂದು ಬಸ್ಸಿನಲ್ಲಿ ಬಿಚ್ಚಿ ನೋಡಿದರೆ, ಡಬ್ಬಿಯ ಮೇಲೆ ಓಡುವ ಕುದುರೆ, ಪಕ್ಕದಲ್ಲಿ ಎದೆ ಬಿಟ್ಟು ನಿಂತ ಗಂಡಸು. ಊರೂರಿನ ಗೋಡೆಗಳ ಮೇಲೆ ಗಂಡಸರ ತಾಕತ್ತಿಗೆ ಅಂತ ಬರೆದಿರುತ್ತಾರಲ್ಲ, ಅದೇ ಜಾತಿಯ ಮಾಲು. ಪಕ್ಕದ ಸೀಟಿನ ಮುದುಕ ಡಬ್ಬಿ ನೋಡಿದ, ನನ್ನನ್ನು ನೋಡಿದ, ಎರಡೂ ಕೈ ಜೋಡಿಸಿ ಅಂಗಡಿ ಯಾವ ಗಲ್ಲಿಯಲ್ಲಿದೆ ಎಂದು ಕೇಳಿದ.

೨. ಎಣ್ಣೆ ಹಚ್ಚಿ ಎಣ್ಣೆ ತೆಗೆದದ್ದು

ಕೊನೆಗೆ ಖರೇ ಎಣ್ಣೆ ಕೊರಿಯರಿನಲ್ಲೇ ಬಂತು. ಮನೆಯ ಹುಡುಗಿಯ ಮಾರಿಗೆ ಹತ್ತುವ ಮೊದಲು ಅದು ನನ್ನ ಪರೀಕ್ಷೆ ಪಾಸಾಗಬೇಕು. ಒಣ ಕೈ, ಒಣ ಮಾರಿ, ತಿಕ್ಕಿದ ಮೇಲೆ ನೀರು ಎಂದು ಹುಡುಗಿ ಹೇಳಿದ್ದಳು. ಜಪಾನಿನವರಿಗೆ ಎಣ್ಣೆ ಎಲ್ಲಿ ಹಚ್ಚಬೇಕೆಂಬುದೇ ಗೊತ್ತಿಲ್ಲವಲ್ಲ ಎಂದು ಮರುಗಿ ನಾನು ತಲೆಗೇ ಸುರಿದುಕೊಂಡೆ. ತಂಬಿಗೆ ನೀರು ಹಾಕಿದ್ದೇ ತಡ, ಹಾಲಿನಂಥ ನೊರೆ ಇಳಿದು ಹೋಯಿತು. ಅದರ ಜೊತೆ ನನ್ನ ತಲೆಯಲ್ಲಿ ಹುಟ್ಟಿನಿಂದ ಇದ್ದ ಎಣ್ಣೆಯಂಶವೆಲ್ಲ ಹೋಯಿತು. ಕೂದಲು ಒಣಗಿದ ತೊಗರಿಕಟ್ಟಿಗೆಯ ಹಾಗೆ ಎದ್ದು ನಿಂತವು. ಹೆಂಡತಿ ಟವೆಲ್ ಕೊಡಲು ಬಂದವಳು ಬಾಗಿಲಲ್ಲೇ ನಿಂತು ನೋಡಿ ಹೇಳಿದಳು:

“ಎಣ್ಣಿ ಹಚ್ಚಗೊಂಡು ಇದ್ದ ಎಣ್ಣಿನೂ ಕಳಕೊಂಡವ್ರು ಈ ಊರಾಗ ನೀವ ಒಬ್ರು.”

ಊರಿಗೇ ಒಬ್ಬ ಎಂದಳು, ಗಮನಿಸಿ.

೩. ಭಾವನ ಸಂಶೋಧನೆ

ಉಳಿದ ಎಣ್ಣೆಯಲ್ಲಿ ಹುಡುಗಿ ಮನೆಯವರ ಮುಂದೆ ಒಮ್ಮೆ ತಾಲೀಮು ಮಾಡಿದಳು. ತಿಕ್ಕಿದಾಗ ಕಾಡಿಗೆ, ಲಿಪ್‌ಸ್ಟಿಕ್ ಎಲ್ಲ ಕಲಸಿ ಮಾರಿ ಕಾವಲಿಯ ತಳದಂತಾಯಿತು. ನೀರು ಬಿದ್ದ ಕೂಡಲೇ ಬೆಳ್ಳಗೆ ಹಾಲಾಯಿತು. ಅವಳ ಅಪ್ಪ, ಅಂದರೆ ನನ್ನ ಭಾವ, ಲೋಹಾರಾ ಕಡೆ ಸೋಯಾಬೀನ್ ಬೆಳೆಯುವವನು, ಕೂತಲ್ಲಿಂದ ಹಾರಿದ. ನೀರಿಗೆ ಬಿದ್ದರೆ ಹಾಲಾಗುವ ವಸ್ತು ಅವನಿಗೆ ಗೊತ್ತಿರುವುದು ಒಂದೇ, ಪಂಪಿಗೆ ಹಾಕಿ ಬೆಳೆಗೆ ಫವಾರಣಿ ಹೊಡೆಯುವ ಹುಳದ ಔಷಧ.

“ಜಪಾನದವ್ರು ಮೋಸ ಮಾಡ್ಯಾರ. ಮಗಳ ಮಾರಿಗಿ ಫವಾರಣಿ ಹೊಡಸ್ಯಾರ” ಎಂದು ಬಾಟಲಿ ಕಿತ್ತುಕೊಂಡ.

ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ. ನಾಲ್ಕು ಹನಿ ನೀರಿಗೆ ಬೆರೆಸಿಕೊಂಡು ಹೊಲಕ್ಕೆ ಹೋಗಿ ಒಂದು ಸಾಲಿಗೆ ಹೊಡೆದೇ ಬಂದ. ಮರುದಿನ ಬೆಳಿಗ್ಗೆ ಹೋಗಿ ನೋಡಿ ಬಂದು, ಚಪ್ಪಲಿ ಬಿಡುತ್ತ, ನಿಟ್ಟುಸಿರಿಟ್ಟು ಹೇಳಿದ:

“ಹುಳ ಒಂದೂ ಸತ್ತಿಲ್ಲ. ಆದ್ರ ನಿನ್ನಿ ಕಂಡದ್ದಕ್ಕಿಂತ ಚಂದ ಕಾಣ್ಲತಾವ.”

೪. ಬೆಳೆಯುತ್ತ ಹೋದ ಹಣೆ

ನಿಲಂಗಾದವರು ಕಾರಿನಲ್ಲಿ ಬಂದರು. ಹುಡುಗ, ಅವನಪ್ಪ, ಇಬ್ಬರ ಲಗಾಮೂ ಹಿಡಿದ ಹುಡುಗನ ಸೋದರತ್ತೆ. ಹುಡುಗನ ಮಾರಿ ಬೆಳ್ಳಗೆ, ತಲೆ ಕಪ್ಪಗೆ, ದಟ್ಟಗೆ. ನಮ್ಮ ಹುಡುಗಿ ಬೇಕೆಂದೇ ಪೂರ್ತಿ ಮೇಕಪ್ ಮಾಡಿಕೊಂಡು ಕೂತಿದ್ದಳು. ಅತ್ತೆ ಪೋಹೆ ಮುಗಿಸಿ ಬಾಯಿ ಒರೆಸಿಕೊಂಡು ಶುರು ಮಾಡಿದಳು, ಎಲ್ಲಾ ಛಲೋ ಅದ, ಆದರೆ ಪಾರ್ಲರ್‌ದಾಕಿ ನೋಡ್ರಿ, ಖರೇ ಮಾರಿ ನೋಡಬೇಕಾಗತದ. ಅಕ್ಕ ಆಗಲೇ ಸೆರಗು ಬಾಯಿಗೆ ಒಯ್ದಳು.

ಹುಡುಗಿ ಬಾಟಲಿ ತಂದಳು. ಎಲ್ಲರೆದುರು ತಿಕ್ಕಿದಳು, ತೊಳೆದಳು, ಒರೆಸಿದಳು. ಒಳಗಿನಿಂದ ಬಂದದ್ದು ಅದೇ ಹುಡುಗಿ. ಗಲ್ಲದ ಮೇಲೊಂದು ಮೊಡವೆಯ ಕಲೆ, ಅಷ್ಟೇ ಹೆಚ್ಚಿನದು. ಅತ್ತೆಗೆ ಮಾರಿಯಲ್ಲಿ ಏನೂ ಸಿಗಲಿಲ್ಲ, ಹಾಗಾಗಿ ಧಂಧೆಗೆ ಕೈ ಹಾಕಿದಳು.

“ಮಾರಿ ನಡಿತದ. ಆದ್ರ ಲಗ್ನ ಆದ ಮ್ಯಾಲ ಪಾರ್ಲರ್ ಮುಚ್ಚಬೇಕಾಗತದ.”

ಹುಡುಗಿ ಟವೆಲ್ ಮಡಚುತ್ತ, ಅದು ಆಮೇಲೆ ಮಾತಾಡೋಣ, ನಮ್ಮ ಮನೆಯಲ್ಲೂ ಖರೇ ಮಾರಿ ನೋಡುವ ಪದ್ಧತಿ ಇದೆ ಅಂದಳು. ಹುಡುಗ ಯಾರದೋ ಫೋನ್ ಬಂತೆಂದು ಎದ್ದ. ಫೋನು ಟೀಪಾಯಿಯ ಮೇಲೆ ಸುಮ್ಮನೆ ಬಿದ್ದಿತ್ತು. ನಾನು ಅವನ ಎರಡೂ ಭುಜ ಒತ್ತಿ ಹಿಡಿದು ಕೂರಿಸಿದೆ.

ಎಣ್ಣೆ ಬಿತ್ತು. ಮೊದಲು ಬಿಳಿ ಕ್ರೀಮು ಇಳಿದು ನಿಲಂಗಾದ ಬಿಸಿಲು ಕಾಣಿಸಿತು. ಆಮೇಲೆ ಹಣೆ ಬೆಳೆಯತೊಡಗಿತು. ಹುಬ್ಬಿನಿಂದ ಮೇಲೆ, ಮೇಲಿನಿಂದ ನೆತ್ತಿಗೆ, ನೆತ್ತಿ ದಾಟಿ ಹಿಂದಕ್ಕೆ. ಬೋಳು ತಲೆಗೆ ಉದುರಿಸಿಕೊಳ್ಳುವ ಕಪ್ಪು ಪುಡಿಯೆಲ್ಲ ಟವೆಲ್ಲಿಗೆ ಬಂತು. ಅವನಪ್ಪ ಕಿಟಕಿಯ ಕಡೆ ತಿರುಗಿ, ಈ ಸಲ ಸೋಯಾಬೀನ್ ಹೆಂಗ್ರಿ ಎಂದು ಭಾವನನ್ನು ಕೇಳಿದ.

ಹುಡುಗಿ ನಗಲಿಲ್ಲ. “ತಲಿ ಮುಚ್ಚಿದ್ದಕ್ಕ ನಂದೇನೂ ತಕರಾರಿಲ್ರಿ, ಅದು ನನ್ನ ಧಂಧೆನೇ ಅದ. ಪಾರ್ಲರ್ ಮುಚ್ಚು ಅಂದ್ರಲ್ಲ, ಅದಕ್ಕ ಈ ಸಂಬಂಧ ಬ್ಯಾಡ” ಅಂದಳು. ಅಕ್ಕ ಆವತ್ತು ಅಳಲಿಲ್ಲ. ಪಾವಣೇರಿಗೆ ಇನ್ನೊಂದು ಸುತ್ತು ಚಹಾ ಕೊಟ್ಟಳು.

ಎಂಟು ದಿನ ಬಿಟ್ಟು ನಿಲಂಗಾದ ಹುಡುಗ ಪಾರ್ಲರಿಗೇ ಬಂದ. ಎಣ್ಣೆಗೂ ಹೋಗದಂಥದ್ದು ಏನಾದರೂ ಹಚ್ಚಿಕೊಡು ಎಂದು ಕೈ ಮುಗಿದ. ಈಗ ಅವನು ಎಲ್ಲಿಗೇ ಹೆಣ್ಣು ನೋಡಲು ಹೋಗಲಿ, ಮೊದಲು ಉಮರ್ಗಾಕ್ಕೆ ಬಂದು ನಮ್ಮ ಹುಡುಗಿಯ ಖುರ್ಚಿಯಲ್ಲಿ ತಲೆ ತಗ್ಗಿಸಿ ಕೂತೇ ಹೋಗುತ್ತಾನೆ. ಜೊತೆಗೆ ಬರುವ ಅತ್ತೆ ಪಾರ್ಲರ್ ಇನ್ನೂ ತೆರೆದಿಲ್ಲವೆಂದರೆ ಬಾಗಿಲಲ್ಲಿ ಕಾಯುತ್ತಾಳೆ.

ಇಷ್ಟೂ ಖರೆ. ಒಂದೇ ಒಂದು ಸಣ್ಣ ಸಂಗತಿ ನಾನು ಸೇರಿಸಿದ್ದು: ಹುಡುಗನ ಭುಜ ಒತ್ತಿ ಹಿಡಿದದ್ದು ನಾನಲ್ಲ. ನಾನು ಒಳಗೆ ಉಳಿದ ಪೋಹೆ ತಿನ್ನುತ್ತಿದ್ದೆ. “ಏನ್ ಆಗಂಗಿಲ್ಲ, ಕೂಡೋ, ನಿಂದೇನು ಪಾರ್ಲರ್ ಮಾರಿ ಏನು” ಎಂದು ಹಿಡಿದು ಕೂರಿಸಿದವಳು ಅವನ ಅತ್ತೆ.