ಗುಡ್ಡದ ಮಠಕ್ಕೆ ರೇಷ್ಮೆ ಸೀರೆ

ಮಠಕ್ಕೆ ಹೋಗಲು ರೇಷ್ಮೆ ಸೀರೆ ಏಕೆ? ನಿಜಾಮರ ರಾಜಧಾನಿ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಮಸ್ಕಿಗೆ ಮರಳಿದ್ದ ಗುರುಲಿಂಗಮ್ಮ ಬೆಳಗ್ಗೆ ದಿನಚರಿಯಲ್ಲಿ ಬರೆದದ್ದು ಇದೊಂದೇ ಸಾಲು. ಅವಳಿಗೆ ಬೇಕಿದ್ದುದು ಶಾಲೆಯಲ್ಲಿ ಕಲಿಸುವ ಕೆಲಸ. ಆದರೆ ಅವರ ಬಳಗದಲ್ಲಿ ಹೆಣ್ಣು ನೋಡುವುದು ಮಠದಲ್ಲೇ. ಒಪ್ಪಿಗೆಯಾಗದಿದ್ದರೆ ದರ್ಶನಕ್ಕೆ ಬಂದಿದ್ದೆವೆಂದು ಎರಡೂ ಕಡೆಯವರು ಮಾನ ಉಳಿಸಿಕೊಂಡು ಹೊರಡಬಹುದು.

"ಯಾಕ ಹೊಂಟೀವಿ ಚಿಗವ್ವಾ?"

"ಆಗೋ ಕೆಲಸ ಮೊದಲ ಬಾಯಿಬಿಟ್ಟು ಹೇಳಬಾರದು. ಸುಮ್ಮನ ಕೂಡು," ಎಂದಳು ಚಿಕ್ಕಮ್ಮ ಬಸವಣ್ಣೆಮ್ಮ.

ಬಂಡಿ ಜಾಲಿಕಂಟಿ ದಾಟಿ ಗುಡ್ಡದ ಕಾಡು ಹೊಕ್ಕಿತು. ದಾರಿಯಲ್ಲಿ ಮೂರು ಮಠಗಳು. ಮೊದಲ ಮಠದಲ್ಲಿ ಹಲ್ಲಿಲ್ಲದ ಪೂಜಾರಿ ನಕ್ಕ. ವರನ ಅಜ್ಜನೇ ಇರಬೇಕು ಎಂದುಕೊಂಡಳು ಗುರುಲಿಂಗಮ್ಮ. ಎರಡನೆಯದರಲ್ಲಿ ನೀರು ಕೊಟ್ಟ ಹೆಂಗಸು ಇವಳ ಕಾಲು ನೋಡಿದಳು. ಒಪ್ಪದಿರಲಿ ಎಂದು ಗುರುಲಿಂಗಮ್ಮ ಬೇಕೆಂದೇ ಬಂಡಿಯವರೆಗೂ ಕುಂಟುತ್ತ ಬಂದಳು.

ಮೂರನೆಯ ಮಠದ ಕಟ್ಟೆಯ ಮೇಲೆ ಅಲ್ಲಿನ ಹಿರಿಯರಾದ ಕರಿಬಸಯ್ಯನವರು ಕೂತಿದ್ದರು. ಪಕ್ಕದಲ್ಲಿ ಸಂತೆಕಲ್ಲೂರಿನ ಪಾರ್ವತೆಮ್ಮ, ಅವಳ ಕನ್ನಡಕದ ಮಗ ಅಮರಗುಂಡಪ್ಪ. ಇನ್ನೇನು ಸಂಶಯ?

ಅಯ್ಯನವರು ಕಾಗದವೊಂದನ್ನು ಚಾಚಿದರು. "ಓದು ತಂಗಿ."

ಓಹೋ, ಕನ್ನಡಕಕ್ಕೆ ಓದಿದ ಹೆಂಡತಿ ಬೇಕು. ಅವಳು ಕಾಗದವನ್ನು ತಲೆಕೆಳಗು ಹಿಡಿದಳು.

"ಅಕ್ಷರ ಬರಂಗಿಲ್ರಿ."

ಬಸವಣ್ಣೆಮ್ಮನ ಮುಖ ಹಂಚಿನ ಮೇಲೆ ಮರೆತ ರೊಟ್ಟಿಯಂತಾಯಿತು.

"ಮಕ್ಕಳಂದ್ರ ಹೆಂಗ?" ಎಂದರು ಅಯ್ಯನವರು.

"ಕಂಡ್ರ ಆಗಂಗಿಲ್ರಿ."

"ಸಿಟ್ಟು?"

"ಬಂದ್ರ ಕೈಗೆ ಸಿಕ್ಕಿದ್ದು ಒಗೀತೀನ್ರಿ."

ಅಯ್ಯನವರು ಕಾಗದ ಕಸಿದು ಮಡಚಿದರು. "ಬಸವಣ್ಣೆಮ್ಮಾ, ಮಠದ ಹೆಣ್ಣುಮಕ್ಕಳ ಸಾಲಿಗೆ ಕಲಸಾಕ ಅಕ್ಕೋರು ಸಿಕ್ಕರಂತ ನೇಮಕದ ಹುಕುಂ ಬರಸಿ ಇಟ್ಟಿದ್ದೆ. ಅಕ್ಷರ ಬರದಾಕಿನ್ನ ಬಿ.ಎ. ಅಂದೇನಬೇ? ಸುಳ್ಳು ಹೇಳೋ ಮನಿಗೆ ಸಾಲಿ ಹೆಂಗ ಒಪ್ಪಸಲಿ? ಲಿಂಗಸುಗೂರಿನಾಕಿನ್ನ ಕರಸ್ತೀನಿ."

ಬಸವಣ್ಣೆಮ್ಮ ಹಣೆ ಬಡಿದುಕೊಂಡಳು. ಗುರುಲಿಂಗಮ್ಮ ಕಾಗದಕ್ಕೆ ಕೈ ಚಾಚಿದಳು. ಆ ಕೈಯನ್ನು ಪಾರ್ವತೆಮ್ಮ ಗಟ್ಟಿಯಾಗಿ ಹಿಡಿದುಕೊಂಡಳು.

"ಸಾಲಿ ಹೋಗ್ಲಿ ಬಿಡ್ರಿ ಅಯ್ಯನವರ. ಓದಿದ ಸೊಸಿ ಬ್ಯಾಡಂತ ಮೂರು ವರ್ಷದಿಂದ ಹುಡುಕಾಕತ್ತೀನಿ. ದರ್ಶನಕ್ಕ ಬಂದಲ್ಲೇ ಸಿಕ್ಕಾಳ. ತನ್ನ ಸಿಟ್ಟು ಸೈತ ಮುಚ್ಚಿಡಲಿಲ್ಲ, ಎಂಥಾ ಖರೇ ಮಾತಿನ ಹುಡುಗಿ ನೋಡ್ರಿ."

"ಅದೇನೋ ಹೌದು," ಎಂದು ಅಯ್ಯನವರು ಕರಗಿದರು. "ಖರೇ ಹೇಳಾಕೂ ಧೈರ್ಯ ಬೇಕು."

ಅಮರಗುಂಡಪ್ಪ ನಾಚಿ ಕನ್ನಡಕ ಒರೆಸಿಕೊಂಡ. ಎಲೆಯಡಿಕೆಯ ತಟ್ಟೆ ಬಂದೇಬಿಟ್ಟಿತು.

ನಾಲ್ಕು ಜನರೆದುರು ಎಂದೂ ದನಿ ಎತ್ತಿದವಳಲ್ಲ ಗುರುಲಿಂಗಮ್ಮ. ಈಗ ಎದ್ದು ನಿಂತಳು.

"ನಾ ಹೇಳಿದ್ದೆಲ್ಲಾ ಸುಳ್ಳರಿ."