ಡಿಲೀಟ್ ಆದ ಇಲಾಖೆ

ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಇಂಟರ್‌ನೆಟ್ ಆಗಷ್ಟೇ ಬಂದಿತ್ತು. ಇಂಟರ್‌ಕಾಮ್ ಬಡಿದುಕೊಂಡರೆ ನನ್ನ ಎದೆಯೂ ಬಡಿದುಕೊಳ್ಳುತ್ತಿತ್ತು. ವೆಬ್‌ಸೈಟಿನ ವಿಳಾಸವೂ ಫೈಲಿನ ಹಾಗೇ ಪರದೆಯ ಮೇಲೆ ಪುಟ್ಟ ಚಿತ್ರವಾಗಿ ಕೂತಿರುತ್ತಿತ್ತಲ್ಲ, ರಗಳೆಯೆಲ್ಲ ಅದರಿಂದಲೇ.

ಫ್ಲಾಪಿಯಲ್ಲಿ ಬಂದ ರಿಸಲ್ಟು

ಕಿದ್ವಾಯಿ ನಗರದಲ್ಲಿ ನಮ್ಮ ಪಕ್ಕದ ಮನೆಯವರ ಮಗಳ ಹನ್ನೆರಡನೇ ಕ್ಲಾಸಿನ ರಿಸಲ್ಟು. ಅವಳೇ ಮೊದಲು ನೋಡಲಿ ಅಂತ ಅವಳಪ್ಪ ತಾವು ನೋಡದೆ, ಕಚೇರಿಯಿಂದ ಆ ವೆಬ್‌ಸೈಟಿನ ಚಿತ್ರವನ್ನು ಫ್ಲಾಪಿಗೆ ಹಾಕಿಕೊಂಡು ಬಂದರು. ಮನೆಯಲ್ಲಿ ಕಂಪ್ಯೂಟರಿತ್ತು, ಇಂಟರ್‌ನೆಟ್ ಇರಲಿಲ್ಲ. ಎಲ್ಲರೂ ಸುತ್ತ ನಿಂತು ಆ ಚಿತ್ರವನ್ನು ಒತ್ತಿಸಿದರು. 'ಈ ಪುಟವನ್ನು ತೋರಿಸಲಾಗದು' ಎಂದು ಇಂಗ್ಲಿಷಿನಲ್ಲಿ ಬಂತು.

ಅವಳಮ್ಮ ಕುಸಿದು ಕೂತರು. "ಅಯ್ಯೋ ದೇವರೇ, ತೋರಿಸೋಕೇ ಆಗದಷ್ಟು ಕಡಿಮೆ ಬಂತಾ?"

ನಾನೇ ಅವರನ್ನೆಲ್ಲ ಸರೋಜಿನಿ ನಗರದ ಸೈಬರ್ ಕೆಫೆಗೆ ಕರೆದುಕೊಂಡು ಹೋದೆ. ಹುಡುಗಿ ಫಸ್ಟ್ ಕ್ಲಾಸ್! ಅಮ್ಮನ ಆತಂಕ ಮಾತ್ರ ಇಳಿಯಲಿಲ್ಲ. "ಮನೇಲಿ ಒಂದು, ಅಂಗಡೀಲಿ ಒಂದು ಅಂದ್ರೆ ಯಾವುದನ್ನ ನಂಬೋದು?"

ಒಂದಕ್ಷರದ ತಿದ್ದುಪಡಿ

ನಮ್ಮ ಟೈಪಿಸ್ಟ್ ಮೇಡಂ ಅವರ ಪರದೆಯ ಮೇಲೆ, ಅಂಥದೇ ಚಿತ್ರದ ಕೆಳಗಿದ್ದ ಇಲಾಖೆಯ ವೆಬ್‌ಸೈಟಿನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ತಿದ್ದಿದರು. ತಿದ್ದಿದ ಮೇಲೆ ಭಯ ಹತ್ತಿತು. "ಸರ್, ಮೇಲಿನವರನ್ನ ಕೇಳದೆ ವೆಬ್‌ಸೈಟಿನ ಹೆಸರೇ ಬದಲಾಯಿಸಿಬಿಟ್ಟೆ."

"ಅದು ನಿಮ್ಮ ಪರದೆಯಲ್ಲಿ ಮಾತ್ರ ಮೇಡಂ."

"ಅಚ್ಛಾ! ಅಂದ್ರೆ ಇಷ್ಟು ದಿನ ಆ ತಪ್ಪೂ ನನ್ನೊಬ್ಬಳದ್ದೇನಾ?"

ಸಾಹೇಬರ ಪೆನ್ಷನ್ನು

ನಮ್ಮ ಸಾಹೇಬರು ಮೈಸೂರಿನವರು, ನಿವೃತ್ತಿಗೆ ಹತ್ತಿರವಿದ್ದರು. ಒಂದು ಮಧ್ಯಾಹ್ನ ಇಂಟರ್‌ಕಾಮಿನಲ್ಲಿ ಪಿಸುಗುಟ್ಟಿದರು: "ಬೇಗ ಬಾರಪ್ಪಾ. ಯಾರಿಗೂ ಹೇಳ್ಬೇಡ."

ಹೋದೆ. ಬಾಗಿಲು ಹಾಕಿಸಿದರು. ಎ.ಸಿ. ಓಡುತ್ತಿದ್ದರೂ ಬೆವರುತ್ತಿದ್ದರು. "ಇಲಾಖೆಯ ವೆಬ್‌ಸೈಟನ್ನ ಡಿಲೀಟ್ ಮಾಡಿಬಿಟ್ಟೆ. ನನ್ನ ಪೆನ್ಷನ್ ಹೋಯ್ತು."

ನೋಡಿದರೆ ಪರದೆಯ ಮೇಲಿನ ಚಿತ್ರ ಮಾಯವಾಗಿತ್ತು, ಅಷ್ಟೆ. "ಸರ್, ಹೋಗಿರೋದು ಬರೀ ವಿಳಾಸ. ಸೈಟು ಭದ್ರವಾಗಿದೆ. ಬೇಕಿದ್ರೆ ಪಕ್ಕದ ಸೆಕ್ಷನ್ನಿಗೆ ಫೋನ್ ಮಾಡಿ ಕೇಳಿ."

ಕೇಳಿದರು. ಸೈಟು ಚೆನ್ನಾಗಿಯೇ ತೆರೆಯುತ್ತಿದೆ ಅಂದರು ಅಲ್ಲಿನವರು. ಫೋನಿಡುವಾಗ ಸಾಹೇಬರ ಮುಖ ಇನ್ನಷ್ಟು ಬಿಳಿಚಿತು. "ಡಿಲೀಟು ಅಲ್ಲಿಗಿನ್ನೂ ತಲುಪಿಲ್ಲ ಕಣಯ್ಯಾ! ತಲುಪೋದ್ರೊಳಗೆ ಏನಾದ್ರೂ ಮಾಡು!"

ತಿಳಿಸಿ ಹೇಳುವ ಆಸೆ ಬಿಟ್ಟು, ರಿಸೈಕಲ್ ಬಿನ್ನಿನಿಂದ ಆ ಚಿತ್ರ ತೆಗೆದು ಮತ್ತೆ ಅದರ ಜಾಗದಲ್ಲಿ ಕೂರಿಸಿದೆ. ಸಾಹೇಬರು ಪರದೆಗೆ ಕೈಮುಗಿದರು. ಆಮೇಲೆ ಅದನ್ನೇ ಒಂದು ಸಿ.ಡಿ.ಗೆ ಹಾಕಿಸಿ, ಲಕೋಟೆಯಲ್ಲಿಟ್ಟು, ಅರಗಿನ ಮೊಹರು ಒತ್ತಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದರು.

"ಇನ್ನು ಯಾವನು ಬೇಕಾದ್ರೂ ಅಳಿಸಲಿ," ಎಂದರು ಬೆವರೊರೆಸಿಕೊಳ್ಳುತ್ತ, "ಭಾರತ ಸರ್ಕಾರ ನನ್ನ ಹತ್ರ ಇದೆ."