ಅಂಗೈ ಫೋನು ಮತ್ತು ನಾಲ್ಕು ಹಲ್ಲಿನ ಕಾರ್ಯದರ್ಶಿ

ಶಿಕಾರಿಪುರ–ಸೊರಬ ಜಂಟಿ ಕುರಿ ಸಾಕಣೆದಾರರ ಸಂಘದ ದಾಖಲೆಯ ಪ್ರಕಾರ, ಸಂಘದ ಕಾರ್ಯದರ್ಶಿ ಶ್ರೀ ಮಹೇಶ್ವರಪ್ಪನವರು ನಾಲ್ಕು ಹಲ್ಲಿನ ಟಗರು. ಬಣ್ಣ ಕಂದು. ಉಣ್ಣೆ ಉತ್ತಮ. ಆರೋಗ್ಯ ತೃಪ್ತಿಕರ. ಇದರಲ್ಲಿ ನಿಂದೆಯೂ ಇಲ್ಲ, ತಮಾಷೆಯೂ ಇಲ್ಲ. ದಾಖಲೆಯಲ್ಲಿ ಇರುವುದನ್ನು ಇರುವಂತೆಯೇ ಹೇಳುವುದು ಶಿಸ್ತು. ಮಹೇಶ್ವರಪ್ಪನವರೂ ಈಗ ಅದನ್ನು ಒಪ್ಪುತ್ತಾರೆ.

ಮೊದಲು ಒಪ್ಪುತ್ತಿರಲಿಲ್ಲ. ಆ ಸಂಗತಿ ಹೀಗಿದೆ.

ಉಡುತಡಿಯ ನಿಂಗಮ್ಮ ಸಂಘದ ನೋಂದಣಿ ಕಾರ್ಯಕರ್ತೆ. ಊರೂರಿಗೆ ಹೋಗಿ ಕುರಿಗಳ ಕಿವಿಗೆ ಹಳದಿ ಪ್ಲಾಸ್ಟಿಕ್ಕಿನ ಕಿವಿಯೋಲೆ ಹಾಕಿ, ಮುಖದ ಚಿತ್ರ ತೆಗೆದು, ಸಂಘದ ಆ್ಯಪಿಗೆ ಏರಿಸುವುದು ಅವಳ ಕೆಲಸ. ಗಂಡನಿಲ್ಲದ ಮನೆ ನಡೆಯುತ್ತಿದ್ದದ್ದು ಆ ಕೆಲಸದಿಂದ. ಮಗಳು ಸಂಗೀತ ಪಿಯುಸಿ ಓದುತ್ತಿದ್ದದ್ದೂ ಅದರಿಂದಲೇ. ಇದಕ್ಕೆಲ್ಲ ಅವಳ ಬಳಿ ಇದ್ದ ಸಾಧನ ಒಂದು ಸಣ್ಣ ಫೋನು. ಐದು ವರ್ಷದ ಹಿಂದೆ ಶಿರಾಳಕೊಪ್ಪದ ಸಂತೆಗೆ ಹೋದಾಗ ಸ್ವಂತ ದುಡ್ಡಿನಲ್ಲಿ ಕೊಂಡದ್ದು. ಮುಷ್ಟಿ ಮಡಿಸಿದರೆ ಕಾಣುತ್ತಿರಲಿಲ್ಲ. ಎಲೆ ಅಡಿಕೆ ಸಂಚಿಯಲ್ಲಿ ಒಂದು ಅರೆಗೆ ಎಲೆ, ಒಂದಕ್ಕೆ ಅಡಿಕೆ, ಒಂದಕ್ಕೆ ಸುಣ್ಣದ ಡಬ್ಬಿ, ಉಳಿದದ್ದಕ್ಕೆ ಫೋನು. ಎಲ್ಲವೂ ತಂತಮ್ಮ ಜಾಗದಲ್ಲಿ. ಇಷ್ಟು ಅಚ್ಚುಕಟ್ಟನ್ನು ಸಂಘದ ಕಚೇರಿಯ ಬೀರುಗಳಲ್ಲಿ ಕಂಡವರಿಲ್ಲ.

ಅವಳು ಎಡಗೈಯಿಂದ ಕುರಿಯ ಗದ್ದ ಹಿಡಿಯುತ್ತಿದ್ದಳು. ಬಲಗೈಯಲ್ಲಿ ಫೋನು. ಬಲಗೈ ಹೆಬ್ಬೆರಳು ಪರದೆಯ ನಾಲ್ಕೂ ಮೂಲೆ ಮುಟ್ಟುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಮೊದಲು ಅರವತ್ತು ಕುರಿ ಮುಗಿಯುತ್ತಿದ್ದವು. ದೂರು ಹೇಳುವಂಥದ್ದು ಏನೂ ಇಲ್ಲವಾದ್ದರಿಂದ ಆಡಳಿತ ಮಂಡಳಿಗೆ ಆತಂಕವಾಯಿತು.

ಸೆಪ್ಟೆಂಬರ್ ಒಂದರಂದು ಸುತ್ತೋಲೆ ಹೊರಟಿತು:

“ಸಂಘದ ಸಿಬ್ಬಂದಿಯು ಅಂಗೈಯಲ್ಲಿ ಅಡಗುವಂಥ ಫೋನು ಬಳಸುವುದು ಸಂಘದ ಘನತೆಗೆ ತಕ್ಕುದಲ್ಲವೆಂದು ಮಂಡಳಿಯು ಮನಗಂಡಿದೆ. ಆದ್ದರಿಂದ ಮಡಚಿ ಬಿಚ್ಚುವ ನಮೂನೆಯ, ದೊಡ್ಡ ಪರದೆಯ ಹೊಸ ಫೋನು ನೀಡಲಾಗುವುದು. ಹಳೆಯ ಸಣ್ಣ ಫೋನನ್ನು ಮೂವತ್ತನೇ ತಾರೀಕಿನೊಳಗೆ ಕಚೇರಿಗೆ ಒಪ್ಪಿಸತಕ್ಕದ್ದು. ಒಪ್ಪಿಸದವರು ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ.”

ಫೋನು ನಿಂಗಮ್ಮನ ಸ್ವಂತದ್ದು ಎಂಬ ವಿಷಯ ಸುತ್ತೋಲೆಯಲ್ಲಿ ಇರಲಿಲ್ಲ. ಹೊಸ ಫೋನುಗಳನ್ನು ಒದಗಿಸಿದ ಅಂಗಡಿ ಮಹೇಶ್ವರಪ್ಪನವರ ಅಳಿಯ ಮಾಲತೇಶನದು ಎಂಬ ವಿಷಯವೂ ಇರಲಿಲ್ಲ. ಸುತ್ತೋಲೆ ಚಿಕ್ಕದಾಗಿರಬೇಕೆಂಬುದು ಒಳ್ಳೆಯ ನಿಯಮ.

ಹೊಸ ಫೋನು ಬಿಚ್ಚಿದರೆ ಊಟದ ತಟ್ಟೆಯಷ್ಟಾಗುತ್ತಿತ್ತು. ಸಂಚಿಯೊಳಗೆ ಹೋಗಲಿಲ್ಲ. ಬಿಚ್ಚುವುದಕ್ಕೆ ಎರಡು ಕೈ, ಹಿಡಿಯುವುದಕ್ಕೆ ಎರಡು ಕೈ, ಚಿತ್ರದ ಗುಂಡಿ ಒತ್ತುವುದಕ್ಕೆ ಯಾವ ಕೈ ಎಂಬುದನ್ನು ತಯಾರಿಸಿದವರು ಹೇಳಿರಲಿಲ್ಲ. ಮೊದಲ ದಿನ ನಿಂಗಮ್ಮ ಮೂರು ಕುರಿ ನೋಂದಾಯಿಸಿದಳು. ಅವುಗಳಲ್ಲಿ ಒಂದು ನಾಯಿ.

ಮಹೇಶ್ವರಪ್ಪನವರು ಅವಳನ್ನು ಕಚೇರಿಗೆ ಕರೆಸಿ, ಇಷ್ಟು ಬೆಲೆಯ ಫೋನು ಕೊಟ್ಟರೂ ಬರೀ ಮೂರೇ ಏಕೆ ಎಂದು ಕೇಳಿದರು.

“ಬಿಚ್ಚಾಕೆ ಎರಡು ಕೈ ಬೇಕ್ರಿ ಸಾರ್.”

“ನಿನಗೆ ಎರಡು ಕೈ ಇಲ್ಲೇನಮ್ಮ?”

“ಅದಾವ್ರಿ. ಕುರಿಗೆ ಯಾವ ಕೈ ಹಾಕ್ಲಿ, ಅದೊಂದು ಹೇಳಿಬಿಡ್ರಿ.”

ಮಹೇಶ್ವರಪ್ಪನವರು ಯೋಚಿಸಿದರು. ಫೋನು ತಪ್ಪಿರಲಾರದು, ಅದು ಹೊಸದು. ಕುರಿ ತಪ್ಪಿರಬಹುದು, ಆದರೆ ಕುರಿಗೆ ಸುತ್ತೋಲೆ ಕಳಿಸುವ ಪದ್ಧತಿ ಸಂಘದಲ್ಲಿ ಇಲ್ಲ. ಕೊರತೆ ಇರುವುದು ಕೈಗಳದೇ ಎಂದು ತೀರ್ಮಾನವಾಗಿ, ಅದೇ ವಾರ ಕುರಿ ಹಿಡಿಯುವ ಸಹಾಯಕನ ಹುದ್ದೆ ಸೃಷ್ಟಿಯಾಯಿತು. ಅದಕ್ಕೆ ಕಾರ್ಯದರ್ಶಿಗಳ ತಂಗಿಯ ಮಗ ಲೋಕೇಶ ನೇಮಕಗೊಂಡ. ಲೋಕೇಶನಿಗೆ ಕುರಿ ಎಂದರೆ ಹೆದರಿಕೆ, ಆದರೆ ಅರ್ಜಿಯಲ್ಲಿ ಆ ಕಲಂ ಇರಲಿಲ್ಲ.

ಹೊಸ ಪರದೆ ಬಿಸಿಲಿಗೆ ಕನ್ನಡಿಯಂತೆ ಹೊಳೆದು, ಅದರಲ್ಲಿ ನಿಂಗಮ್ಮನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದ್ದರಿಂದ ಛತ್ರಿ ಹಿಡಿಯುವ ಸಹಾಯಕನ ಹುದ್ದೆ. ಇದು ಸೊರಬಕ್ಕೇ ಸಿಗಬೇಕೆಂದು ಸೊರಬದ ನಿರ್ದೇಶಕ ವೀರಬಸಪ್ಪನವರು ಪಟ್ಟು ಹಿಡಿದರು. ಸೊರಬದಲ್ಲಿ ಛತ್ರಿಯ ಅನುಭವ ಹೆಚ್ಚು ಎಂಬುದು ಅವರ ವಾದ. ಅವರ ಭಾವಮೈದ ಚಂದ್ರಶೇಖರ್ ನೇಮಕಗೊಂಡರು. ಹೀಗೆ ಆರು ಕೈಗಳು ಒಟ್ಟಾಗಿ ದಿನಕ್ಕೆ ಐದು ಕುರಿಗಳ ಗುರಿ ತಲುಪಿದವು. ಇದನ್ನು ಪ್ರಗತಿ ವರದಿಯಲ್ಲಿ ಶೇಕಡಾ ಅರವತ್ತಾರರಷ್ಟು ಏರಿಕೆ ಎಂದು ಬರೆಯಲಾಯಿತು. ಮೂರಕ್ಕೆ ಐದನ್ನು ಹೋಲಿಸಿದರೆ ಲೆಕ್ಕ ಸರಿಯಾಗಿಯೇ ಇದೆ.

ಆದರೂ ಸದಸ್ಯರು ಗೊಣಗುತ್ತಿದ್ದುದರಿಂದ ಹದಿನೆಂಟನೇ ತಾರೀಕು ಬಳ್ಳಿಗಾವಿಯಲ್ಲಿ, ಸಣ್ಣಬೀರಪ್ಪನ ಕುರಿಹಿಂಡಿನ ಮುಂದೆ, ಹೊಸ ಫೋನಿನ ಪ್ರಾತ್ಯಕ್ಷಿಕೆ ಏರ್ಪಾಡಾಯಿತು. ದೋಷ ಫೋನಿನದಲ್ಲ, ಹಿಡಿದವರದು ಎಂದು ತೋರಿಸಲು ಮಾಲತೇಶನೇ ಬಂದಿದ್ದ. ನಿಂಗಮ್ಮ ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕೆಂದು ಆದೇಶವಾಗಿತ್ತು.

ಹಿರಿಯರು ಮನೆ ಬಾಗಿಲಿಗೆ ಬಂದರೆ ಕಂಬಳಿ ಹೊದಿಸಿ ಗೌರವಿಸುವುದು ಸಣ್ಣಬೀರಪ್ಪನ ಮನೆತನದ ನಡವಳಿಕೆ. ಮಹೇಶ್ವರಪ್ಪನವರಿಗೂ ವೀರಬಸಪ್ಪನವರಿಗೂ ತಲಾ ಒಂದು ಕಂಬಳಿ ಬಂತು. ಸೆಕೆ ಇತ್ತು. ಆದರೆ ಫೋಟೊಕ್ಕೆ ಮೊದಲು ಸನ್ಮಾನವನ್ನು ತೆಗೆಯುವುದು ಸಭ್ಯತೆಯಲ್ಲ. ಇಬ್ಬರೂ ಕುತ್ತಿಗೆವರೆಗೆ ಹೊದ್ದು ಹಿಂಡಿನ ಪಕ್ಕ ನಿಂತರು. ಚಂದ್ರಶೇಖರ್ ಛತ್ರಿ ಬಿಚ್ಚಿದರು. ಮಾಲತೇಶ ಫೋನು ಬಿಚ್ಚಿದ. ಲೋಕೇಶ ಒಂದು ಕುರಿಯ ಹಿಂಗಾಲು ಹಿಡಿದ, ಕುರಿ ಹೊರಟಿತು, ಲೋಕೇಶನೂ ಹೊರಟ.

ಅಷ್ಟರಲ್ಲಿ ಮಾಲತೇಶ ಗುಂಡಿ ಒತ್ತಿಯಾಗಿತ್ತು.

ಹೊಸ ಫೋನಿನ ಕ್ಯಾಮೆರಾ ಬಹಳ ಅಗಲ ನೋಡುತ್ತದೆ. ಚಿತ್ರದಲ್ಲಿ ಎಡಕ್ಕೆ ಕೆರೆ ಏರಿ ಬಂದಿತ್ತು, ಬಲಕ್ಕೆ ಕರೆಂಟು ಕಂಬ ಬಂದಿತ್ತು, ನಡುವೆ ಸನ್ಮಾನಿತರಿಬ್ಬರು ಬಂದಿದ್ದರು. ಕುರಿ ಬಂದಿರಲಿಲ್ಲ. ಆ್ಯಪು ಚಿತ್ರವನ್ನು ಪರಿಶೀಲಿಸಿ, ಉಣ್ಣೆ ಇರುವ ಎರಡು ಪ್ರಾಣಿಗಳನ್ನು ಗುರುತಿಸಿ, “ಇವು ಕುರಿಗಳೇ?” ಎಂದು ಕೇಳಿತು. “ಹೌದು” ಎಂಬುದು ಮಾಲತೇಶನ ಹೆಬ್ಬೆರಳ ಕೆಳಗೇ ಇತ್ತು. “ಅಲ್ಲ” ಎಂಬುದು ಪರದೆಯ ಆಚೆ ಮೂಲೆಯಲ್ಲಿತ್ತು. ಮಾಲತೇಶ ಹೆಬ್ಬೆರಳನ್ನು ಚಾಚಿದ, ಮೊಣಕೈ ಎತ್ತಿದ, ತುದಿಗಾಲಲ್ಲಿ ನಿಂತ. ಫೋನು ಜಾರಿತು. ಬೀಳದಂತೆ ಗಟ್ಟಿಯಾಗಿ ಹಿಡಿದುಕೊಂಡ. ಗಟ್ಟಿಯಾಗಿ ಹಿಡಿದ ಜಾಗದಲ್ಲಿ “ಹೌದು” ಇತ್ತು.

ಮಹೇಶ್ವರಪ್ಪನವರು ನಗುತ್ತಿದ್ದರು. ಮುಂದಿನ ನಾಲ್ಕು ಹಲ್ಲು ಕಾಣುತ್ತಿದ್ದವು. ಹಲ್ಲು ಎಣಿಸಿಯೇ ಕುರಿಯ ವಯಸ್ಸು ಹೇಳುವ ರೂಢಿಯಂತೆ ಅವರು “ಟಗರು, ನಾಲ್ಕು ಹಲ್ಲು” ಎಂದು ದಾಖಲಾದರು. ವೀರಬಸಪ್ಪನವರು ಬಾಯಿ ಮುಚ್ಚಿಕೊಂಡಿದ್ದರು. ಅವರು “ಮರಿ” ಎಂದು ದಾಖಲಾದರು.

“ಎಂತ ಮಾರಾಯ್ರೆ ಇದು?” ಎಂದರು ವೀರಬಸಪ್ಪನವರು. “ಶಿಕಾರಿಪುರ ಟಗರು, ಸೊರಬ ಮರಿ. ಯಾವತ್ತೂ ಇದೇ ಕತೆ.”

ಸಣ್ಣಬೀರಪ್ಪ ಮುಂದೆ ಬಂದು ಕಾರ್ಯದರ್ಶಿಗಳನ್ನು ಮೇಲಿಂದ ಕೆಳಗೆ ನೋಡಿದ. “ನಾಲ್ಕು ಅಂತ ಬರೆದಿದ್ದು ತಪ್ಪ್ರಿ. ನಾನು ಆರು ಹಲ್ಲಿಂದು ಅಂತೀನಿ.”

ದಾಖಲೆಯಿಂದ ಹೆಸರು ತೆಗೆಸುವುದು ಸುಲಭವೆಂದು ಮಹೇಶ್ವರಪ್ಪನವರು ಭಾವಿಸಿದ್ದರು. ನಿಯಮಾವಳಿ ತೆಗೆದು ಓದಿದಾಗ, ಒಮ್ಮೆ ನೋಂದಾಯಿಸಿದ ಪ್ರಾಣಿಯನ್ನು ಮಾರಾಟ, ಕಸಾಯಿಖಾನೆ ಅಥವಾ ಸಾವು, ಈ ಮೂರು ಕಾರಣಗಳಿಂದ ಮಾತ್ರ ತೆಗೆಯಬಹುದು ಎಂದಿತ್ತು. ಸದಸ್ಯರು ಕುರಿ ಬಚ್ಚಿಡಬಾರದೆಂದು ಎರಡು ವರ್ಷದ ಹಿಂದೆ ಈ ನಿಯಮವನ್ನು ಬರೆದವರು ಮಹೇಶ್ವರಪ್ಪನವರೇ. ಭಾಷೆ ಬಿಗಿಯಾಗಿತ್ತು, ಎಲ್ಲಿಯೂ ಸಂದು ಬಿಟ್ಟಿರಲಿಲ್ಲ.

ಮೂರರಲ್ಲಿ ಮಾರಾಟವೇ ಮೇಲೆಂದು ಮಾಲತೇಶ ಸಲಹೆಯಿತ್ತ. ಕೊಳ್ಳುವವರು ಟಗರನ್ನು ಮನೆಗೆ ಒಯ್ಯಬೇಕೆಂಬ ಷರತ್ತಿತ್ತು. ಸಣ್ಣಬೀರಪ್ಪನನ್ನು ಕೇಳಲಾಯಿತು.

“ನನಗೆ ಬ್ಯಾಡ್ರಿ ಯಪ್ಪಾ,” ಎಂದ ಅವನು. “ಗುಡ್ಡ ಹತ್ತೋದಿಲ್ಲ, ಕೂತಲ್ಲೇ ಮೇಯ್ತಾರೆ. ಅಂಥದ್ದನ್ನ ಕಟ್ಕೊಂಡು ಏನು ಮಾಡ್ಲಿ?”

ಉಳಿದದ್ದು ನೋಂದಣಿಯೇ ತಪ್ಪೆಂಬ ಆಕ್ಷೇಪಣೆ. ಅದಕ್ಕೆ ಪ್ರಾಣಿಯ ಮುಖ ಒಂದೇ ಇರುವ, ಸ್ಪಷ್ಟವಾದ ಚಿತ್ರ ಬೇಕು. ಹೊಸ ಫೋನಿನಲ್ಲಿ ಹನ್ನೊಂದು ಬಾರಿ ಪ್ರಯತ್ನಿಸಲಾಯಿತು. ದೂರ ನಿಂತರೆ ಛತ್ರಿಯೂ ಚಂದ್ರಶೇಖರರೂ ಬಂದರು. ಹತ್ತಿರ ಬಂದರೆ ಫೋನು ತಾನಾಗಿಯೇ ಮುಖದ ಅಂದ ಹೆಚ್ಚಿಸಿತು: ಸುಕ್ಕು ಹೋಯಿತು, ಮೂಗಿನ ಪಕ್ಕದ ನರುಲಿ ಹೋಯಿತು, ಕೆನ್ನೆ ಕೆಂಪಾಯಿತು. ಆ ಚಿತ್ರದಲ್ಲಿ ಮಹೇಶ್ವರಪ್ಪನವರಿಗೆ ಇಪ್ಪತ್ತೆಂಟು ವರ್ಷ. ಇದು ಬೇರೆ ಟಗರು ಎಂದು ಆ್ಯಪು ತಳ್ಳಿಹಾಕಿತು. ಚಿತ್ರವನ್ನು ಮಾತ್ರ ಕಾರ್ಯದರ್ಶಿಗಳು ತಮ್ಮ ಬಳಿ ಇಟ್ಟುಕೊಂಡರು.

ಇಪ್ಪತ್ತೊಂಬತ್ತನೇ ತಾರೀಕು ಬೆಳಿಗ್ಗೆ ಸಂಘದ ಜೀಪು ಉಡುತಡಿಯಲ್ಲಿ ನಿಂಗಮ್ಮನ ಮನೆ ಮುಂದೆ ನಿಂತಿತು. ಮಹೇಶ್ವರಪ್ಪನವರು ಒಬ್ಬರೇ ಇಳಿದರು. ಆ ಹಳೆಯ ಫೋನು ಇನ್ನೂ ಇದೆಯೇ ಎಂದು ವಿಚಾರಿಸಿದರು. ಇದೆ, ನಾಳೆವರೆಗೆ ಇದೆ ಎಂದು ನಿಂಗಮ್ಮ ಸಂಚಿ ಬಿಚ್ಚಿದಳು.

“ಕೂರ್ರಿ ಸಾರ್. ಗದ್ದ ಮೇಲೆ ಮಾಡ್ರಿ.”

ಅಭ್ಯಾಸಬಲದಿಂದ ಎಡಗೈ ತಾನಾಗಿಯೇ ಹೋಗಿ ಅವರ ಗದ್ದ ಹಿಡಿಯಿತು; ಹೆಬ್ಬೆರಳು ಕೆಳತುಟಿ ಸರಿಸಿ ಹಲ್ಲು ನೋಡಿತು. ಬಲಗೈ ಚಿತ್ರ ತೆಗೆಯಿತು. ಎಲ್ಲ ಸೇರಿ ಅರ್ಧ ನಿಮಿಷ. ನರುಲಿ ಸಹಿತ ಮುಖ ಒಂದೇ ಬಂದಿತ್ತು. ಒಂದು ಕೂದಲೂ ಹೆಚ್ಚು ಕಡಿಮೆ ಇಲ್ಲ.

“ನಾಳೆ ಮೂವತ್ತು,” ಎಂದಳು ನಿಂಗಮ್ಮ. “ಇದನ್ನ ಒಪ್ಪಿಸಿದ್ರೆ ಕೆಲಸ ಮಾಡಾಕೆ ಆಗೋದಿಲ್ಲ. ಒಪ್ಪಿಸದಿದ್ರೆ ಕೆಲಸ ಬಿಟ್ಟಂಗೆ ಅಂತ ನೀವೇ ಬರೆದೀರಿ. ನಾನು ಯಾವುದು ಮಾಡ್ಲಿ ಸಾರ್?”

“ಮೊದಲು ನನ್ನದು ಬಗೆಹರಿಯಲಿ, ಆಮೇಲೆ ನೋಡೋಣ,” ಎಂದು ಹೇಳಿ ಅವರು ಜೀಪು ಹತ್ತಿದರು.

ಸಂಜೆಯ ಹೊತ್ತಿಗೆ ಆ್ಯಪಿನ ಉತ್ತರ ಬಂತು: “ಚಿತ್ರ ಸ್ಪಷ್ಟವಾಗಿದೆ. ಪ್ರಾಣಿಯ ಗುರುತು ಖಚಿತಪಟ್ಟಿದೆ. ಆಕ್ಷೇಪಣೆ ತಿರಸ್ಕೃತ. ನೋಂದಣಿ ಕಾಯಂ.”

ಮಹೇಶ್ವರಪ್ಪನವರು ಊಟ ಮಾಡಲಿಲ್ಲ. ಮೂವತ್ತರ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಸಂಘದ ವ್ಯಾನು ನಿಂತಿತ್ತು. ಕಾಯಂ ನೋಂದಣಿಯಾದ ಟಗರಿಗೆ ತಿಂಗಳಿಗೆ ಎರಡು ಚೀಲ ಹಿಂಡಿ, ಒಂದು ಡಬ್ಬಿ ಖನಿಜ ಮಿಶ್ರಣ, ಉಚಿತ ವಿಮೆ. ಈ ಸೌಲಭ್ಯವನ್ನೂ ಅವರೇ ಬರೆದಿದ್ದರು. ಅವರ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಅವರ ಶ್ರೀಮತಿ ಶಶಿರೇಖಾ ಚೀಲ ಒಳಗಿಡಿಸಿ ಒಂದೇ ಪ್ರಶ್ನೆ ಕೇಳಿದರು.

“ಇದು ತಿಂಗಳಾ ತಿಂಗಳಾ ಬರ್ತದೇನ್ರಿ?”

ಬರುತ್ತದೆ ಎಂದು ವ್ಯಾನಿನವನು ಹೇಳಿದ. ಮಹೇಶ್ವರಪ್ಪನವರು ತಿಂಡಿ ತಿಂದರು. ಮೇಲ್ಮನವಿ ಸಲ್ಲಿಸುವ ವಿಚಾರವನ್ನು ಕೈಬಿಟ್ಟರು.

ಹಿಂಡಿಯ ಸುದ್ದಿ ಹತ್ತು ಗಂಟೆಗೆ ಸೊರಬ ಮುಟ್ಟಿತು. ಮರಿಗೆ ಹಿಂಡಿ ಇಲ್ಲ, ಹಾಲಿನ ಪುಡಿ ಮಾತ್ರ ಎಂದು ತಿಳಿದ ವೀರಬಸಪ್ಪನವರು ಕಂಬಳಿ ಹೊದ್ದು ಶಿಕಾರಿಪುರದ ಬಸ್ಸು ಹತ್ತಿದರು. ಹೊಸ ಫೋನಿನ ಚಿತ್ರದಿಂದ ಬರೀ ತಾತ್ಕಾಲಿಕ ನೋಂದಣಿ, ಸಣ್ಣ ಫೋನಿನ ಚಿತ್ರದಿಂದ ಕಾಯಂ ಎಂಬುದು ಅಷ್ಟರಲ್ಲಿ ಎಲ್ಲ ನಿರ್ದೇಶಕರಿಗೂ ಗೊತ್ತಾಗಿತ್ತು. ಸಂಜೆ ನಾಲ್ಕಕ್ಕೆ ನಿಂಗಮ್ಮ ಫೋನನ್ನು ಹಳೆಯ ಕರವಸ್ತ್ರದಲ್ಲಿ ಸುತ್ತಿಕೊಂಡು ಕಚೇರಿಗೆ ಬಂದಾಗ ವರಾಂಡದಲ್ಲಿ ಒಂಬತ್ತು ನಿರ್ದೇಶಕರು ಕಂಬಳಿ ಹೊದ್ದು ನಿಂತಿದ್ದರು. ಸಂಘದ ಇತಿಹಾಸದಲ್ಲಿ ನಿರ್ದೇಶಕರು ಸಾಲಾಗಿ ನಿಂತದ್ದು ಅದೇ ಮೊದಲು.

ಅವಳು ಗಂಟನ್ನು ಮೇಜಿನ ಮೇಲಿಟ್ಟು ರಸೀದಿ ಕೇಳಿದಳು. ಯಾರೂ ಅದನ್ನು ಮುಟ್ಟಲಿಲ್ಲ.

“ಅದನ್ನ ಯಾರು ಕೇಳಿದ್ರಮ್ಮ? ನಿನ್ನ ಹತ್ತಿರಾನೇ ಇರ್ಲಿ,” ಎಂದರು ಮಹೇಶ್ವರಪ್ಪನವರು.

“ಬಾಯಲ್ಲಿ ಹೇಳಿದ್ರೆ ಆಗೋದಿಲ್ರಿ ಸಾರ್. ಕೆಲಸ ಬಿಟ್ಟಂಗೆ ಅನ್ನೋದು ಕಾಗದದಾಗೆ ಐತಿ. ಬಿಟ್ಟಿಲ್ಲ ಅನ್ನೋದೂ ಕಾಗದದಾಗೆ ಬರ್ಲಿ. ಅದು ಬಂದ ಮೇಲೆ ಫೋಟೊ.”

ವರಾಂಡದಲ್ಲಿ ಒಬ್ಬರು ಕೆಮ್ಮಿದರು. ಸುತ್ತೋಲೆ ಹಿಂದಕ್ಕೆ ಪಡೆದರೆ ಮಂಡಳಿ ತಪ್ಪು ಮಾಡಿತ್ತು ಎಂದಾಗುತ್ತದೆ. ಮಂಡಳಿ ತಪ್ಪು ಮಾಡುವುದಿಲ್ಲ. ಆದ್ದರಿಂದ ಅಲ್ಲಿಯೇ ತುರ್ತು ಸಭೆ ಸೇರಿ, ಈ ಕೆಳಗಿನಂತೆ ಠರಾವಾಯಿತು:

“ಸದರಿ ಸಣ್ಣ ಫೋನು ದೊಡ್ಡ ಫೋನಿನ ಬಿಡಿಭಾಗವೆಂದು ಘೋಷಿಸಲಾಗಿದೆ. ಬಿಡಿಭಾಗವನ್ನು ಒಪ್ಪಿಸುವ ಅಗತ್ಯವಿಲ್ಲ. ಶ್ರೀಮತಿ ನಿಂಗಮ್ಮ ಇವರು ಬಿಡಿಭಾಗದೊಂದಿಗೆ ಸೇವೆಯಲ್ಲಿ ಮುಂದುವರಿಯತಕ್ಕದ್ದು. ದೊಡ್ಡ ಫೋನನ್ನು ಪೆಟ್ಟಿಗೆಯಲ್ಲಿಟ್ಟು ಇಬ್ಬರು ಸಹಾಯಕರು ಅವರ ಹಿಂದೆ ಒಯ್ಯತಕ್ಕದ್ದು.”

ನಿಂಗಮ್ಮ ಎರಡು ಸಲ ಓದಿದಳು. ತಾರೀಕು ಹಾಕಿಲ್ಲವೆಂದು ಹಿಂದಿರುಗಿಸಿದಳು. ತಾರೀಕು, ಸಹಿ, ಮೊಹರು ಎಲ್ಲ ಬಂದ ಮೇಲೆ ಮಡಚಿ ಸಂಚಿಯ ಎಲೆಯ ಅರೆಯಲ್ಲಿಟ್ಟಳು. ಆಮೇಲೆ ಕರವಸ್ತ್ರ ಬಿಚ್ಚಿದಳು.

ಇಂದು ಎಲ್ಲವೂ ಕ್ರಮಬದ್ಧವಾಗಿ ನಡೆಯುತ್ತಿದೆ. ನಿಂಗಮ್ಮ ಮುಂದೆ ನಡೆಯುತ್ತಾಳೆ. ಹಿಂದೆ ಲೋಕೇಶ ಪೆಟ್ಟಿಗೆ ಹೊತ್ತು, ಚಂದ್ರಶೇಖರ್ ಪೆಟ್ಟಿಗೆಗೆ ಛತ್ರಿ ಹಿಡಿದು ಬರುತ್ತಾರೆ. ಊಟಕ್ಕೆ ಮೊದಲು ಅರವತ್ತು ಕುರಿ ಮುಗಿಯುತ್ತವೆ. ಸಂಗೀತಳ ಪರೀಕ್ಷೆಯ ಶುಲ್ಕ ಕಟ್ಟಿಯಾಗಿದೆ. ವೀರಬಸಪ್ಪನವರು ಎರಡು ಹಲ್ಲಿಗೆ ಬಡ್ತಿ ಪಡೆದು, ಆ ಬಗ್ಗೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿಸಿದ್ದಾರೆ. ಮಾಲತೇಶ ಮೂರು ಮಡಿಕೆಯ ಫೋನು ತರಿಸಿದ್ದಾನಂತೆ. ಮಂಡಳಿ ಅದನ್ನು ಸ್ವಾಗತಿಸಿದೆ. ಅದಕ್ಕೆ ಎಷ್ಟು ಸಹಾಯಕರು ಬೇಕಾಗಬಹುದೆಂದು ವರದಿ ಕೇಳಿದೆ.

ಕಳೆದ ಸೋಮವಾರ ಸಂಘದ ಆವರಣದಲ್ಲಿ ಜಂತುನಾಶಕ ಔಷಧಿ ಕುಡಿಸುವ ದಿನ. ಕಾಯಂ ನೋಂದಣಿಯಾದ ಟಗರು ಔಷಧಿ ತಪ್ಪಿಸಿದರೆ ಆ ತಿಂಗಳ ಹಿಂಡಿ ಇಲ್ಲ. ಸಣ್ಣಬೀರಪ್ಪ ತನ್ನ ಹಿಂಡು ಹೊಡೆದುಕೊಂಡು ಬಂದು, ಸಾಲಿನ ಕೊನೆಗೆ ನಿಂತು, ಮುಂದೆ ಯಾರು ಯಾರಿದ್ದಾರೆಂದು ನೋಡಿ, ಕಾರ್ಯದರ್ಶಿಗಳ ಹಿಂದೆ ತನ್ನ ಮೊದಲ ಟಗರನ್ನು ನಿಲ್ಲಿಸಿದ. ಸರದಿ ಎಂದರೆ ಸರದಿ.

ನಿಂಗಮ್ಮ ಎಡಗೈಯನ್ನು ಸೆರಗಿಗೆ ಒರೆಸಿಕೊಂಡು, ಔಷಧಿ ಕುಡಿದದ್ದನ್ನು ದಾಖಲಿಸಲು ಬಲಗೈಗೆ ಫೋನು ತೆಗೆದುಕೊಂಡು, ಮುಂದಿನದು ಎಂದಳು. ಮಹೇಶ್ವರಪ್ಪನವರು ಕಂಬಳಿ ಸರಿಪಡಿಸಿಕೊಂಡು ಮುಂದೆ ಬಂದರು; ಅವಳು ಗದ್ದ ಹಿಡಿಯುವ ಮೊದಲೇ ಬಾಯಿ ತೆರೆದರು.